ಅಧ್ಯಕ್ಷನಾಗಿ ನಾನು ಹಾಕಿದ ಒಂದು ಸಹಿ

ಬಾಗಲಕೋಟೆ ಜಿಲ್ಲೆಯಲ್ಲಿ ನಾನು ವಕೀಲಿ ಕಲಿತದ್ದು ಮುಳುಗಡೆಯ ಪ್ರಕರಣಗಳಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಕಳೆದುಕೊಂಡವರು, ಭೂಸ್ವಾಧೀನಾಧಿಕಾರಿ ಗೊತ್ತುಪಡಿಸಿದ ದರವನ್ನು ಒಪ್ಪದೆ, 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಡಿ ಹೆಚ್ಚಿನ ಪರಿಹಾರ ಕೇಳಿ ಬರುತ್ತಿದ್ದರು. ಪಕ್ಕದ ಹೊಲದ ಖರೀದಿ ಪತ್ರ ಹುಡುಕುವುದು, ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಕಬ್ಬು ನಮೂದಾಗಿದೆಯೋ ಜೋಳವೋ ಎಂದು ನೋಡುವುದು ನನ್ನ ಮೊದಲ ಪಾಠಗಳು.

ತಾಲೂಕಿನ ವಕೀಲರ ಸಂಘಕ್ಕೆ ಮೊದಲು ಕಾರ್ಯದರ್ಶಿಯಾದೆ, ಆಮೇಲೆ ಎರಡು ಅವಧಿ ಅಧ್ಯಕ್ಷನಾದೆ. ಕುರ್ಚಿ, ಕುಡಿಯುವ ನೀರು, ಗ್ರಂಥಾಲಯದ ಕಪಾಟುಗಳ ವಿಷಯ ಬಿಡುತ್ತೇನೆ. ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯ್ದೆ 1983ರಿಂದ ಇದ್ದರೂ, ವಕಾಲತ್ತಿಗೆ ದಿನವೂ ನಿಧಿಯ ಸ್ಟಾಂಪು ಅಂಟಿಸುತ್ತಿದ್ದ ಕಿರಿಯರಲ್ಲಿ ಎಷ್ಟೋ ಮಂದಿ ಸ್ವತಃ ಸದಸ್ಯರಾಗಿರಲಿಲ್ಲ. ಬೆನ್ನು ಹತ್ತಿ ಅವರಿಂದ ಅರ್ಜಿ ತುಂಬಿಸಿದ್ದು ನನಗೆ ಇಂದಿಗೂ ಸಮಾಧಾನ ಕೊಡುವ ಕೆಲಸ.

ಸಮಾಧಾನ ಕೊಡದ ಕೆಲಸವೂ ಒಂದಿದೆ. ಮೊದಲ ಅವಧಿಯಲ್ಲಿ, ಸದಸ್ಯರೊಬ್ಬರಿಗೆ ಆದ ಅವಮಾನಕ್ಕೆ ಪ್ರತಿಭಟನೆಯಾಗಿ, ಕಲಾಪದಿಂದ ಹೊರಗುಳಿಯುವ ಠರಾವಿಗೆ ನಾನು ಸಂಜೆಯೇ ಸಹಿ ಹಾಕಿದ್ದೆ. ಮರುದಿನ ಬೆಳಿಗ್ಗೆ ನನ್ನದೇ ಪಕ್ಷಕಾರನೊಬ್ಬ, ಟಂಟಂ ಬಾಡಿಗೆಗೆ ಹಿಡಿದು, ನಾಲ್ವರು ಸಾಕ್ಷಿದಾರರೊಡನೆ ಬೇವಿನ ಗಿಡದ ಕೆಳಗೆ ಕುಳಿತಿದ್ದ. ಉತಾರಗಳನ್ನು ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿ ಎದೆಗೆ ಒತ್ತಿಕೊಂಡಿದ್ದ. "ಸಾಹೇಬ್ರ, ಇವತ್ತ ನಮ್ಮದು ನಡ್ಯಾಂಗಿಲ್ಲೇನ್ರೀ?" ಎಂದಷ್ಟೇ ಕೇಳಿದ. ಮುಂದಿನ ತಾರೀಖು ಬಿದ್ದದ್ದು ನಾಲ್ಕು ತಿಂಗಳಿಗೆ.

ಕೋರ್ಟು ಹೆಚ್ಚಿಸಿದ ಪರಿಹಾರದ ಮೇಲೆ ಸ್ವಾಧೀನದ ದಿನದಿಂದ ಮೊದಲ ವರ್ಷ ಶೇ. 9, ಆಮೇಲೆ ಶೇ. 15 ಬಡ್ಡಿ ಸಿಗುತ್ತದೆ, ಹಾಗಾಗಿ ತಡವಾದರೂ ಅವನಿಗೇನು ನಷ್ಟ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅರ್ಧಕ್ಕೆ ನಿಂತ ಮನೆಯ ಗೋಡೆಗೆಂದು ಅವನು ತಂದ ಕೈಗಡದ ಬಡ್ಡಿ ಅದಕ್ಕಿಂತ ಜೋರಾಗಿ ಓಡುತ್ತಿತ್ತು.

ಆ ರಾತ್ರಿ ಹರೀಶ್ ಉಪ್ಪಲ್ ಪ್ರಕರಣದ ತೀರ್ಪನ್ನು ಪೂರ್ತಿ ಓದಿದೆ. ಸಹಿ ಹಾಕುವ ಮೊದಲೇ ಓದಬೇಕಿತ್ತು. 2002ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ವಕೀಲರಿಗೆ ಮುಷ್ಕರ ಹೂಡುವ ಹಕ್ಕಿಲ್ಲ, ಸಾಂಕೇತಿಕ ಮುಷ್ಕರದ ಹಕ್ಕೂ ಇಲ್ಲ ಎಂದಿತ್ತು. ಪತ್ರಿಕಾ ಹೇಳಿಕೆ, ತೋಳಿಗೆ ಪಟ್ಟಿ, ಕೋರ್ಟಿನ ಆವರಣದ ಹೊರಗೆ ಶಾಂತಿಯುತ ಮೆರವಣಿಗೆ ಇವೆಲ್ಲಕ್ಕೂ ಅವಕಾಶವಿತ್ತು. ನ್ಯಾಯಾಂಗದ ಅಥವಾ ವಕೀಲ ವೃಂದದ ಘನತೆ, ಸ್ವಾತಂತ್ರ್ಯಗಳಿಗೇ ಧಕ್ಕೆ ಬಂದ ತೀರಾ ಅಪರೂಪದ ಸಂದರ್ಭದಲ್ಲಿ ಒಂದು ದಿನಕ್ಕೆ ಮೀರದ ಗೈರನ್ನು ಕೋರ್ಟು ಕಂಡೂ ಕಾಣದಂತಿರಬಹುದು. ಆದರೆ ಅದಕ್ಕೂ ಮುಂಚೆ ಸಂಘದ ಅಧ್ಯಕ್ಷನು ಮುಖ್ಯ ನ್ಯಾಯಮೂರ್ತಿಯವರನ್ನೋ ಜಿಲ್ಲಾ ನ್ಯಾಯಾಧೀಶರನ್ನೋ ಕಂಡು ಮಾತನಾಡಲೇಬೇಕು. ಆ ಹೊಣೆ ಹೆಸರು ಹಿಡಿದು ನನ್ನ ಕುರ್ಚಿಗೆ ಬರೆದದ್ದಾಗಿತ್ತು, ನಾನು ಯಾರನ್ನೂ ಕಂಡಿರಲಿಲ್ಲ.

ಆ ಭಾಗವನ್ನು ಕನ್ನಡದಲ್ಲಿ ಬರೆದು ನಡಾವಳಿ ಪುಸ್ತಕದ ಮೊದಲ ಹಾಳೆಗೆ ಅಂಟಿಸಿದೆ. ಆಮೇಲೆ ಬಹಿಷ್ಕಾರದ ಮಾತು ಎರಡು ಸಲ ಎದ್ದಿತು. ಒಮ್ಮೆ ಬಾಗಲಕೋಟೆಗೆ ಹೋಗಿ ಜಿಲ್ಲಾ ನ್ಯಾಯಾಧೀಶರೊಂದಿಗೆ ಅರ್ಧ ತಾಸು ಮಾತನಾಡಿದ್ದರಿಂದಲೇ ವಿಷಯ ತಿಳಿಯಾಯಿತು. ಇನ್ನೊಮ್ಮೆ ಸರ್ವಸದಸ್ಯರ ಸಭೆ ನನ್ನ ಮಾತು ಕೇಳಲಿಲ್ಲ. ಮರುದಿನ ನಾನೊಬ್ಬನೇ ತೋಳಿಗೆ ಪಟ್ಟಿ ಕಟ್ಟಿಕೊಂಡು ಒಳಗೆ ಹೋಗಿ ನನ್ನ ಸಾಕ್ಷಿದಾರನ ವಿಚಾರಣೆ ಮುಗಿಸಿದೆ. ಮುಂದಿನ ಚುನಾವಣೆಯಲ್ಲಿ ಸೋತೆ.