ಎರಡೂ ಕಡೆ ಹೆಡ್ ಇರುವ ನಾಣ್ಯ: ನಾನೇ ಒಂದು ಮಾಡಿ ನೋಡಿದೆ

ಎರಡೂ ಕಡೆ ಹೆಡ್ ಇರುವ ನಾಣ್ಯ ಸಿಕ್ಕಿದವರು ಟಂಕಸಾಲೆಯ ತಪ್ಪು ಇರಬೇಕು, ಭಾರಿ ಬೆಲೆ ಬರುತ್ತೆ ಅಂದುಕೊಳ್ಳುತ್ತಾರೆ. ಹೆಚ್ಚು ಕಡಿಮೆ ಯಾವಾಗಲೂ ಅದು ಜಾದೂ ಆಟಕ್ಕೆ ಲೇತ್ (ಲೋಹವನ್ನು ತಿರುಗಿಸಿ ಕೊರೆಯುವ ಯಂತ್ರ) ಮೇಲೆ ಮಾಡಿದ್ದೇ ಆಗಿರುತ್ತೆ. ಹಳೆಯ ನಾಣ್ಯ ಕೂಡಿಡುವ ನನಗೆ ಇದು ಗೊತ್ತಿತ್ತು. ಆದರೂ ಎಲ್ಲಿ ನೋಡಬೇಕು ಅನ್ನೋದು ಕಣ್ಣಿಗೆ ಹತ್ತಿದ್ದು ಒಂದನ್ನು ನಾನೇ ಮಾಡಿದ ಮೇಲೆ.

ಅಮೆರಿಕದ ಎರಡು ಕ್ವಾರ್ಟರ್, ಅಂದರೆ 25 ಸೆಂಟ್ ನಾಣ್ಯ, ತೆಗೆದುಕೊಂಡೆ. 24.26 ಮಿ.ಮೀ. ಅಗಲ, 1.75 ಮಿ.ಮೀ. ದಪ್ಪ, ತೂಕ 5.67 ಗ್ರಾಂ. ಅಂಚಿನ ಗೆರೆಗಳು ನಜ್ಜಾಗಬಾರದು ಅಂತ ಮೊದಲನೆಯದನ್ನು ಹಿತ್ತಾಳೆಯ ಬಳೆಯೊಳಗೆ ಕೂರಿಸಿ, ಹೆಡ್ ಒಳಗಡೆ ಬರುವ ಹಾಗೆ ಲೇತ್‌ನ ಚಕ್‌ಗೆ (ಬಿಗಿಹಿಡಿಯುವ ಭಾಗ) ಹಿಡಿಸಿದೆ. ಟೇಲ್ ಕಡೆ ಉಬ್ಬಿದ ಅಂಚೊಂದನ್ನು ಬಿಟ್ಟು ಒಳಗಿನದನ್ನೆಲ್ಲ ಅರ್ಧ ದಪ್ಪದವರೆಗೆ ಕೊರೆದೆ. ಬಿಳಿ ಪದರ ಹೋಗುತ್ತಿದ್ದ ಹಾಗೇ ಕೆಂಪಗೆ ತಾಮ್ರ ಎದ್ದು ಬಂತು. 1965ರಿಂದ ಈ ನಾಣ್ಯದ ಒಳಗೆ ಇರುವುದು ತಾಮ್ರ, ಮೇಲೆ ಕೆಳಗೆ ಮಾತ್ರ ತಾಮ್ರ-ನಿಕ್ಕಲ್ ಪದರ.

ಎರಡನೆಯದರ ಅಂಚನ್ನು ಪೂರ್ತಿ ತೆಗೆದು, ಹಿಂಬದಿ ಸವೆಸಿ, ಹೆಡ್ ಇರುವ ತೆಳು ಬಿಲ್ಲೆ ಮಾಡಿಕೊಂಡೆ. ಜಾಸ್ತಿ ಹೊತ್ತು ಹಿಡಿದಿದ್ದು ಇದರ ಅಳತೆಗೇ. ಚೂರು ಸಣ್ಣದಾದರೆ ಅಲ್ಲಾಡುತ್ತೆ, ಚೂರು ದೊಡ್ಡದಾದರೆ ಒತ್ತುವಾಗ ಬಾಗುತ್ತೆ. ಸರಿ ಬಂದಾಗ ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು.

ಈಗ ನೋಡಿ, ಪಕ್ಕದ ಅಂಚು ಇಡಿಯಾಗಿ ಮೊದಲನೇ ನಾಣ್ಯದ್ದು. ಬಹಳ ಜನ ಜೋಡಣೆಯ ಗೆರೆ ಹುಡುಕೋದು ಅಲ್ಲೇ! ಏನೂ ಸಿಗಲ್ಲ. ಜೋಡಣೆ ಇರೋದು ಒಂದೇ ಮುಖದಲ್ಲಿ, ಉಬ್ಬಿದ ಅಂಚು ಶುರುವಾಗುವ ಒಳಮೂಲೆಯಲ್ಲಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಕಣ್ಣಿಗೆ ಹಿಡಿಯುವ ಸಣ್ಣ ಭೂತಕನ್ನಡಿ) ಹಿಡಿದು, ಬೆಳಕು ಓರೆಯಾಗಿ ಬೀಳುವ ಹಾಗೆ ನಾಣ್ಯವನ್ನು ನಿಧಾನಕ್ಕೆ ತಿರುಗಿಸಿ. ಅಸಲಿಯಲ್ಲಿ ಮುಖದ ಸಮತಟ್ಟು ಭಾಗದ ಲೋಹವೇ ಏರಿ ಅಂಚಾಗಿರುತ್ತೆ. ಇಲ್ಲಿ ಸುತ್ತಲೂ ಸಣ್ಣ ಗೆರೆ ಹರಿದಿರುತ್ತೆ, ಕೆಲವು ಕಡೆ ಅದರೊಳಗೆ ತಾಮ್ರದ ಕೆಂಪು ಇಣುಕುತ್ತೆ. ಎರಡು ಕಡೆ ಬೇರೆ ಬೇರೆ ಇಸವಿ ಇದ್ದರಂತೂ ಲೂಪ್ ಕೂಡ ಬೇಡ. ಬೆರಳ ತುದಿಯಲ್ಲಿಟ್ಟು ಮೆಲ್ಲಗೆ ತಟ್ಟಿದರೆ ಸದ್ದು ಮಂಕಾಗಿರುತ್ತೆ. ತೂಕವೊಂದನ್ನೇ ನಂಬಬೇಡಿ. ಚೆನ್ನಾಗಿ ಮಾಡಿದ್ದರೆ ಅದು ಹತ್ತಿರ ಹತ್ತಿರ ಸರಿಯಾಗೇ ಬರುತ್ತೆ.

ಹೇಗೆ ಮಾಡಿರಬಹುದು ಅಂತ ಯೋಚಿಸಿ ನೋಡುವ ಈ ದಾರಿ ತಿದ್ದಿದ ಬೇರೆ ನಾಣ್ಯಗಳಿಗೂ ಆಗುತ್ತೆ. ಎರಡು ನಾಣ್ಯ ಜೋಡಿಸಿ, ತಿರುಪಿನಿಂದ ಬಿಗಿಯುವ ವೈಸ್‌ನಲ್ಲಿ ಒತ್ತಿದ್ದರೆ, ಬಿದ್ದ ಅಕ್ಷರಗಳು ತಿರುಗುಮುರುಗಾಗಿ, ತಗ್ಗಾಗಿ ಇರುತ್ತವೆ. 1943ರ ಅಮೆರಿಕದ ಸೆಂಟ್ ತಾಮ್ರದ ಬಣ್ಣದಲ್ಲಿ ಸಿಕ್ಕರೆ ಮೊದಲು ಮ್ಯಾಗ್ನೆಟ್ ಇಡಿ. ಆ ವರ್ಷದ ಸೆಂಟ್ ಉಕ್ಕಿನದು, ಅಪರೂಪಕ್ಕೆ ಕೆಲವು ಮಾತ್ರ ತಾಮ್ರದಲ್ಲಿ ಬಂದಿವೆ. ಅಂಟಿದರೆ ಮೇಲೆ ಲೇಪ ಹಾಕಿದ್ದು ಅಂತ ಅರ್ಥ. ಅಂಟದಿದ್ದರೂ ಕುಣಿಯಬೇಡಿ, 1948ರ 8ನ್ನು ಅರ್ಧ ಕೆರೆದು 3 ಮಾಡಿರಬಹುದು. ಅಸಲಿ 1943ರಲ್ಲಿ 3ರ ಬಾಲ ಉಳಿದ ಅಂಕಿಗಳಿಗಿಂತ ಕೆಳಗಿಳಿದಿರುತ್ತೆ.

ನಾನು ಮಾಡಿದ್ದನ್ನು ಕೇಳಿದವರಿಗೆ ತೋರಿಸುತ್ತೇನೆ, ಮಾರುವುದಿಲ್ಲ. ಮೋಸ ಮಾಡಲೆಂದು ನಾಣ್ಯ ತಿದ್ದುವುದು ಅಮೆರಿಕದ ಕಾನೂನಿನಲ್ಲಿ ಅಪರಾಧ. ಆಟಕ್ಕೆಂದು ಮಾಡಿದ್ದನ್ನು ಕೈ ಬದಲಿಸುವಾಗ ಕವರ್ ಮೇಲೆ ‘ತಿದ್ದಿದ್ದು’ ಅಂತ ಬರೆದೇ ಕೊಡಿ.