ತಿದ್ದುವುದಾದರೆ ಮೂಲ ಕಡತದಲ್ಲೇ ತಿದ್ದಲಿ

ನಮ್ಮ ತಂಡ ಬಳಸುವ ಟೆಂಪ್ಲೇಟ್ ಕಂಪೈಲರ್ (ಪುಟದ ಅಚ್ಚನ್ನು ಓದಿ ಕೋಡ್ ತಯಾರಿಸುವ ಪ್ರೋಗ್ರಾಂ) ಅನ್ನು ನೋಡಿಕೊಳ್ಳುವ ಹೊಣೆ ಕೆಲವು ವರ್ಷಗಳಿಂದ ನನ್ನದು. ಡೆವಲಪರ್ ಬರೆದ ಒಂದೇ ಟೆಂಪ್ಲೇಟಿನಿಂದ ಅದು ಎರಡು ವಸ್ತುಗಳನ್ನು ತಯಾರಿಸುತ್ತದೆ: ಸರ್ವರ್ ಕಳುಹಿಸುವ ಎಚ್‌ಟಿಎಂಎಲ್ ಪಠ್ಯ ಮತ್ತು ಆ ಪುಟವನ್ನು ಬ್ರೌಸರ್‌ನಲ್ಲಿ ವಹಿಸಿಕೊಂಡು ನಡೆಸುವ ಜಾವಾಸ್ಕ್ರಿಪ್ಟ್. ಮಾರ್ಕಪ್‌ನಲ್ಲಿ (ಪುಟದ ರಚನೆ ಹೇಳುವ ಟ್ಯಾಗ್‌ಗಳಲ್ಲಿ) ಸಣ್ಣಪುಟ್ಟ ತಪ್ಪಿದ್ದರೆ ಕಂಪೈಲರೇ ಸದ್ದಿಲ್ಲದೆ ಸರಿಪಡಿಸಬಾರದೇಕೆ, ಬ್ರೌಸರ್ ಹೇಗೂ ಅದನ್ನೇ ಮಾಡುತ್ತದಲ್ಲ ಎಂಬ ಬೇಡಿಕೆ ನನ್ನ ಬಳಿಗೆ ಮತ್ತೆ ಮತ್ತೆ ಬಂದಿದೆ. ಹೊರಹೋಗುವ ಪುಟವನ್ನು ತಿದ್ದಲು ನಾನು ಒಪ್ಪಲಿಲ್ಲ. ಬದಲಿಗೆ ಏನು ಮಾಡಿದೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಬ್ರೌಸರ್ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುವುದಕ್ಕೆ ನ್ಯಾಯವಾದ ಕಾರಣವಿದೆ. 2000ರಲ್ಲಿ ಬಂದ, ಎಚ್‌ಟಿಎಂಎಲ್‌ನ ಕಟ್ಟುನಿಟ್ಟಾದ ರೂಪವಾದ ಎಕ್ಸ್‌ಎಚ್‌ಟಿಎಂಎಲ್ 1.0 ಪುಟವನ್ನು ಎಕ್ಸ್‌ಎಂಎಲ್ ಆಗಿ ಕಳುಹಿಸಿದರೆ, ಒಂದು ಟ್ಯಾಗ್ ಮುಚ್ಚದೆ ಉಳಿದರೂ ಓದುಗನಿಗೆ ಪುಟದ ಬದಲು ದೋಷದ ಸಂದೇಶ ಕಾಣುತ್ತಿತ್ತು. ಆ ತಪ್ಪು ಓದುಗನದಲ್ಲ, ಅದನ್ನು ತಿದ್ದುವ ಶಕ್ತಿಯೂ ಅವನಿಗಿಲ್ಲ. 2014ರಲ್ಲಿ ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿ ಅಂತಿಮಗೊಳಿಸಿದ ಎಚ್‌ಟಿಎಂಎಲ್5 ಬೇರೆ ದಾರಿ ಹಿಡಿದು, ಕೆಟ್ಟ ಮಾರ್ಕಪ್ ಎದುರಾದಾಗ ಪಾರ್ಸರ್ (ಪಠ್ಯವನ್ನು ಓದಿ ಪುಟದ ರಚನೆ ಕಟ್ಟುವ ಭಾಗ) ಏನು ಮಾಡಬೇಕು ಎಂಬುದನ್ನೂ ವಿವರವಾಗಿ ಬರೆದಿಟ್ಟಿತು. ಆದರೆ ಕಂಪೈಲರ್‌ನ ಎದುರಿಗೆ ಕುಳಿತಿರುವವನು ಓದುಗನಲ್ಲ, ಬರೆದವನೇ. ತಿದ್ದಬಲ್ಲವನು ಎದುರಿಗೇ ಇರುವಾಗ ಅವನಿಗೆ ತಿಳಿಸದೆ ತೇಪೆ ಹಾಕುವುದು ಉಪಕಾರವಾಗುವುದಿಲ್ಲ.

ನಮಗೆ ಹೆಚ್ಚು ಕಾಟ ಕೊಟ್ಟ ಪ್ರಸಂಗವೊಂದನ್ನು ಬಿಡಿಸಿ ನೋಡಬಹುದು. ಪ್ಯಾರಾ ಸೂಚಿಸುವ ಪಿ ಟ್ಯಾಗ್ ತೆರೆದು ಒಂದು ಸಾಲು ಬರೆದು, ಒಳಗೆ ಪುಟದ ಒಂದು ವಿಭಾಗವನ್ನು ಸೂಚಿಸುವ ಡಿವ್ ಒಂದನ್ನು ಇಟ್ಟು, ಅದನ್ನು ಮುಚ್ಚಿ ಇನ್ನೊಂದು ಸಾಲು ಬರೆದು, ಕೊನೆಗೆ ಪಿ ಮುಚ್ಚಿದ್ದೇವೆ ಎಂದಿಟ್ಟುಕೊಳ್ಳಿ. ಪಿಯ ಒಳಗೆ ಡಿವ್ ಇರುವಂತಿಲ್ಲವಾದ್ದರಿಂದ, ಡಿವ್ ಕಂಡೊಡನೆ ಪಾರ್ಸರ್ ಪಿಯನ್ನು ಅಲ್ಲಿಗೇ ಮುಚ್ಚುತ್ತದೆ, ಡಿವ್ ಪಿಯ ಒಳಗಿರದೆ ಅದರ ಪಕ್ಕಕ್ಕೆ ಬರುತ್ತದೆ, ಎರಡನೆಯ ಸಾಲು ಯಾವ ಪ್ಯಾರಾಗೂ ಸೇರದೆ ಉಳಿಯುತ್ತದೆ. ಕೊನೆಯಲ್ಲಿರುವ ಮುಚ್ಚುವ ಟ್ಯಾಗಿಗೆ ಈಗ ಜೋಡಿಯಿಲ್ಲದ ಕಾರಣ ಪಾರ್ಸರ್ ಅದಕ್ಕಾಗಿ ಖಾಲಿ ಪಿ ಒಂದನ್ನು ಸೃಷ್ಟಿಸುತ್ತದೆ. ಇತ್ತ ನಮ್ಮ ಜಾವಾಸ್ಕ್ರಿಪ್ಟ್ ಎಲಿಮೆಂಟ್‌ಗಳನ್ನು ಒಂದೊಂದಾಗಿ ಸೃಷ್ಟಿಸಿ ಜೋಡಿಸುವಾಗ ಪಾರ್ಸರ್‌ನ ಕೈಗೇ ಹೋಗುವುದಿಲ್ಲವಾದ್ದರಿಂದ, ಅದು ಕಟ್ಟುವ ಮರದಲ್ಲಿ (ಎಲಿಮೆಂಟ್‌ಗಳು ಒಂದರೊಳಗೊಂದು ಸೇರಿದ ರಚನೆಯಲ್ಲಿ) ಡಿವ್ ಪಿಯ ಒಳಗೇ ಇರುತ್ತದೆ. ಒಂದೇ ಟೆಂಪ್ಲೇಟಿಗೆ ಎರಡು ಮರಗಳಾದವು. ಸರ್ವರ್‌ನಿಂದ ಬಂದ ಪುಟವನ್ನು ವಹಿಸಿಕೊಳ್ಳಲು ಹೊರಟ ಕೋಡ್ ಡಿವ್‌ಗಾಗಿ ಪಿಯ ಒಳಗೆ ಹುಡುಕಿ, ಸಿಗದೆ ಎಡವುತ್ತದೆ. ಪುಟ ಕಟ್ಟಲು ಬಳಸುವ ಹೆಸರಾಂತ ಸಾಧನಗಳಲ್ಲಿ ರಿಯಾಕ್ಟ್ ಇಂಥ ಕಡೆ ಅಭಿವೃದ್ಧಿಯ ಹಂತದಲ್ಲಿ ಎಚ್ಚರಿಸುತ್ತದೆ. ಸ್ವೆಲ್ಟ್ ತನ್ನ 5ನೇ ಆವೃತ್ತಿಯಿಂದ ಕಂಪೈಲ್ ಮಾಡುವುದನ್ನೇ ನಿಲ್ಲಿಸುತ್ತದೆ.

ಇದನ್ನು ಯಂತ್ರವೇ ತಿದ್ದಲಿ ಎಂದರೆ ಹೇಗೆ ತಿದ್ದಬೇಕು? ಹೊರಗಿನ ಪಿಯನ್ನು ಡಿವ್ ಮಾಡಬಹುದು, ಒಳಗಿನ ಡಿವ್ ಅನ್ನು ಸಾಲಿನೊಳಗೇ ಬರುವ ಸ್ಪ್ಯಾನ್ ಮಾಡಬಹುದು, ಪ್ಯಾರಾವನ್ನು ಎರಡಾಗಿ ಒಡೆಯಲೂಬಹುದು. ಮೂರೂ ವ್ಯಾಕರಣಬದ್ಧವೇ, ಯಾವುದು ಸರಿ ಎಂಬುದು ಬರೆದವನ ಮನಸ್ಸಿನಲ್ಲಿದೆಯೇ ಹೊರತು ಟೆಂಪ್ಲೇಟಿನಲ್ಲಿ ಇಲ್ಲ.

ಚಿತ್ರಗಳ ವಿಷಯದಲ್ಲಿ ಇದು ಇನ್ನೂ ಕೆಟ್ಟದ್ದು. ಆಲ್ಟ್ ಅಟ್ರಿಬ್ಯೂಟ್ (ಚಿತ್ರದ ವಿವರಣೆ) ಇಲ್ಲದ ಚಿತ್ರಕ್ಕೆ ಖಾಲಿ ಆಲ್ಟ್ ಸೇರಿಸಿಬಿಡಿ ಎಂದು ಒಬ್ಬರು ಸೂಚಿಸಿದ್ದರು. ಖಾಲಿ ಆಲ್ಟ್ ಎಂದರೆ ಆ ಚಿತ್ರ ಬರೀ ಅಲಂಕಾರ, ಬಿಟ್ಟು ಮುಂದೆ ಹೋಗು ಎಂದು, ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಹೇಳಿದಂತೆ. ಹಾಗೆ ಮಾಡಿದ್ದರೆ ತಪಾಸಣಾ ಸಾಧನಗಳೆಲ್ಲ ಹಸಿರು ತೋರಿಸುತ್ತಿದ್ದವು, ಅಂಕಿಅಂಶಗಳ ನಕ್ಷೆಗಳು ಮಾತ್ರ ಕಣ್ಣು ಕಾಣದ ಬಳಕೆದಾರರ ಪಾಲಿಗೆ ಇಲ್ಲವಾಗುತ್ತಿದ್ದವು. ಕಾಣುತ್ತಿದ್ದ ತಪ್ಪನ್ನು ಕಾಣದ ತಪ್ಪಾಗಿ ಮಾಡುವ ತಿದ್ದುಪಡಿಗಿಂತ ತಿದ್ದದಿರುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಎಲ್ಲದಕ್ಕೂ ಬಿಲ್ಡ್ (ಕಡತಗಳಿಂದ ಪುಟ ತಯಾರಿಸುವ ಪ್ರಕ್ರಿಯೆ) ನಿಲ್ಲಿಸುವ ಹಟ ನನಗಿರಲಿಲ್ಲ. ಅಕ್ಷರಗಳ ಎಸ್ಕೇಪಿಂಗ್ (ಅವು ಟ್ಯಾಗ್ ಎಂದು ಓದಿಸಿಕೊಳ್ಳದಂತೆ ಬದಲಿಸಿ ಬರೆಯುವುದು), ಅಟ್ರಿಬ್ಯೂಟ್‌ಗಳಿಗೆ ಉದ್ಧರಣ ಚಿಹ್ನೆ ಹಾಕುವುದು ಇತ್ಯಾದಿ ಕಂಪೈಲರ್‌ನದೇ ಕೆಲಸ, ಅದರ ಬಗ್ಗೆ ತಕರಾರಿಲ್ಲ. ಒಂದೇ ಉತ್ತರವಿರುವ ಉಳಿದ ದೋಷಗಳನ್ನು, ಡೆವಲಪರ್ ಕಡತವನ್ನು ಸೇವ್ ಮಾಡಿದಾಗ ಅವನ ಎಡಿಟರ್‌ನಲ್ಲೇ ತಿದ್ದುವ ವ್ಯವಸ್ಥೆ ಮಾಡಿದೆ. ಟೇಬಲ್‌ನೊಳಗೆ ನೇರವಾಗಿ ಟಿಆರ್ (ಒಂದು ಸಾಲಿನ ಟ್ಯಾಗ್) ಬರೆದರೆ ಪಾರ್ಸರ್ ನಡುವೆ ಟಿಬಾಡಿ (ಸಾಲುಗಳ ಗುಂಪಿನ ಟ್ಯಾಗ್) ಸೇರಿಸಿಯೇ ಸೇರಿಸುತ್ತದೆ. ಅದನ್ನರಿಯದೆ ಟಿಆರ್ ಟೇಬಲ್‌ನ ನೇರ ಮಗು ಎಂದು ನಂಬಿ ಬರೆದ, ಪುಟದ ನೋಟ ನಿರ್ಧರಿಸುವ ಸಿಎಸ್‌ಎಸ್ ನಿಯಮ ಕೆಲಸ ಮಾಡುವುದಿಲ್ಲ. ಈಗ ಟಿಬಾಡಿ ಮೂಲ ಕಡತದಲ್ಲೇ ಕಾಣಿಸಿಕೊಳ್ಳುತ್ತದೆ, ಕೋಡ್ ಪರಿಶೀಲಿಸುವವರ ಕಣ್ಣಿಗೂ ಬೀಳುತ್ತದೆ, ಬರೆದದ್ದಕ್ಕೂ ಬ್ರೌಸರ್ ಕಟ್ಟಿದ್ದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಆಯ್ಕೆ ಬೇಕಾದ ಕಡೆಯೆಲ್ಲ ಬಿಲ್ಡ್ ನಿಲ್ಲುತ್ತದೆ. ಬರೀ ಎಚ್ಚರಿಕೆ ಕೊಟ್ಟು ಮುಂದುವರಿದರೆ ಅದನ್ನು ಯಾರೂ ಓದುವುದಿಲ್ಲ. ನನ್ನ ಬಹುಪಾಲು ಸಮಯ ಹೋದದ್ದು ನಿಯಮಗಳಿಗಲ್ಲ, ದೋಷದ ಸಂದೇಶಗಳಿಗೆ: ಡಿವ್ ಯಾವ ಸಾಲಿನಲ್ಲಿದೆ, ಅದನ್ನು ಸುತ್ತುವರಿದ ಪಿ ಎಲ್ಲಿ ತೆರೆದಿದೆ, ಹೀಗೇ ಬಿಟ್ಟರೆ ಬ್ರೌಸರ್ ಎಂಥ ಮರ ಕಟ್ಟುತ್ತದೆ ಎಂಬ ಮೂರನ್ನೂ ತೋರಿಸಲಾರಂಭಿಸಿದ ಮೇಲೆ ಗೊಣಗಾಟ ಬಹುತೇಕ ನಿಂತಿತು. ಹಳೆಯ ಫೋಲ್ಡರ್‌ಗಳಿಗೆ ಮಾತ್ರ, ಯಾರಾದರೂ ಅವನ್ನು ಮುಟ್ಟುವವರೆಗೆ, ವಿನಾಯಿತಿ ಕೊಟ್ಟಿದ್ದೇವೆ.

ಹೊರಗಿನಿಂದ ಬರುವ ಬರಹಕ್ಕೆ ಈ ನಿಯಮ ಹೊಂದುವುದಿಲ್ಲ. ಲೇಖನ ಸಿದ್ಧಪಡಿಸುವವರು ಬೇರೆಲ್ಲಿಂದಲೋ ನಕಲಿಸಿ ಅಂಟಿಸಿದ ತುಣುಕಿನಲ್ಲಿ ಮುಚ್ಚದ ಡಿವ್ ಇದ್ದರೆ ಪುಟದ ಉಳಿದ ಭಾಗವೆಲ್ಲ ಅದರ ಹೊಟ್ಟೆಯೊಳಗೆ ಹೋಗುತ್ತದೆ, ಮತ್ತು ಅವರಿಗೆ ಸಾಲಿನ ಸಂಖ್ಯೆ ಹೇಳಿ ಪ್ರಯೋಜನವಿಲ್ಲ. ಆದ್ದರಿಂದ ಆ ತುಣುಕನ್ನು ನಿಜವಾದ ಎಚ್‌ಟಿಎಂಎಲ್ ಪಾರ್ಸರ್‌ಗೆ ಕೊಟ್ಟು, ಬಂದ ಮರದಿಂದ ಅಪಾಯಕಾರಿ ಟ್ಯಾಗ್‌ಗಳನ್ನು ತೆಗೆದು, ಆಮೇಲೆ ಪಠ್ಯವಾಗಿ ಬರೆಯುತ್ತೇವೆ. ತೆಗೆಯುವ ಕೆಲಸವನ್ನು ಪಾರ್ಸ್ ಮಾಡುವ ಮೊದಲೇ ಮಾಡಿದರೆ, ಪಾರ್ಸರ್‌ನ ದುರಸ್ತಿಯೇ ಹೊಸದೊಂದು ಸ್ಕ್ರಿಪ್ಟ್‌ಗೆ ಬಾಗಿಲು ತೆರೆಯಬಹುದು.

ಕಂಪೈಲರ್‌ಗೆ ಕಾಣದ ಜಾಗವೊಂದಿದೆ: ಪಿ ಒಂದು ಕಾಂಪೊನೆಂಟಿನಲ್ಲಿ (ಪುಟದ ಬಿಡಿ ಭಾಗವೊಂದರ ಕಡತದಲ್ಲಿ) ಇದ್ದು, ಅದರೊಳಗೆ ಬರುವ ಡಿವ್ ಇನ್ನೊಂದರಲ್ಲಿದ್ದರೆ ಎರಡು ಕಡತಗಳೂ ಬಿಡಿಬಿಡಿಯಾಗಿ ನಿರ್ದೋಷಿಗಳೇ. ಇದಕ್ಕಾಗಿ ಅಭಿವೃದ್ಧಿಯ ಹಂತದ ಬಿಲ್ಡ್‌ನಲ್ಲಿ ತೆರೆದಿರುವ ಎಲಿಮೆಂಟ್‌ಗಳ ಪಟ್ಟಿಯನ್ನು ಇಟ್ಟುಕೊಂಡು, ಪುಟ ತಯಾರಾಗುತ್ತಿರುವಾಗಲೇ ಯಾವುದರೊಳಗೆ ಯಾವುದು ಬರಬಹುದು ಎಂಬ ನಿಯಮಗಳನ್ನು ಪರೀಕ್ಷಿಸುತ್ತೇವೆ. ಅಲ್ಲಿ ಸಿಕ್ಕಿಬಿದ್ದರೆ ಟೆಸ್ಟ್ ವಿಫಲವಾಗುತ್ತದೆ. ಡಿವ್ ಬೇರೆಯವರ ಲೈಬ್ರರಿಯಿಂದ ಬಂದಿದ್ದರೆ ಅದನ್ನು ತಿದ್ದುವ ಹಕ್ಕು ನಮಗಿಲ್ಲ, ಹಾಗಾಗಿ ನಮ್ಮ ಕಡೆಯ ಪಿಯನ್ನೇ ಡಿವ್ ಮಾಡಿಕೊಳ್ಳುತ್ತೇವೆ.