ಬಾವಿಗೂ ಟಾಯ್ಲೆಟ್ ಗುಂಡಿಗೂ ಎಷ್ಟು ದೂರ? ಮೊದಲು ಮಣ್ಣು ನೋಡಿ, ಆಮೇಲೆ ಟೇಪು ಹಿಡಿಯಿರಿ

ಮನೆ ಕಟ್ಟುವಾಗ ಟಾಯ್ಲೆಟ್ ಗುಂಡಿಯ ವಿಚಾರ ಬರುವುದು ಎಲ್ಲಕ್ಕಿಂತ ಕೊನೆಗೆ. ವಾಸ್ತು ಆಯ್ತು, ಗೇಟು ಆಯ್ತು, ಕಾರು ನಿಲ್ಲಿಸುವ ಜಾಗ ಆಯ್ತು, ಉಳಿದ ಮೂಲೆಯಲ್ಲಿ ಗುಂಡಿ. ಮೇಸ್ತ್ರಿಯನ್ನು ಕೇಳಿದರೆ "ಬಾವಿಯಿಂದ ಐವತ್ತಡಿ ಬಿಡಿ, ಏನೂ ಆಗಲ್ಲ" ಅನ್ನುತ್ತಾರೆ. ಆ ಐವತ್ತಡಿ ಒಂದು ಜಾಗದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ, ಇನ್ನೊಂದು ಜಾಗದಲ್ಲಿ ಏನೇನೂ ಸಾಲದು. ವ್ಯತ್ಯಾಸ ಇರುವುದು ಮಣ್ಣಿನಲ್ಲಿ, ಮತ್ತು ಗುಂಡಿಯ ತಳದಿಂದ ಅಂತರ್ಜಲದವರೆಗೆ ಎಷ್ಟು ಒಣ ಮಣ್ಣು ಇದೆ ಅನ್ನುವುದರಲ್ಲಿ.

ಸೆಪ್ಟಿಕ್ ಟ್ಯಾಂಕ್ ಇದೆ, ಹಾಗಾಗಿ ನೀರು ಶುದ್ಧವಾಗಿ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಇಲ್ಲ. ಟ್ಯಾಂಕ್ ಮಾಡುವುದು ಗಟ್ಟಿ ಭಾಗವನ್ನು ಕೆಳಗೆ ಕೂರಿಸುವ ಕೆಲಸ. ಆಚೆ ಬರುವ ನೀರಿನ 100 ಮಿ.ಲೀ.ನಲ್ಲಿ ಮಲದ ಬ್ಯಾಕ್ಟೀರಿಯಾ ಇನ್ನೂ ಲಕ್ಷಗಟ್ಟಲೆ ಇರುತ್ತವೆ. ಅದೇ 100 ಮಿ.ಲೀ. ಕುಡಿಯುವ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇ. ಕೊಲೈ ಒಂದೂ ಕಾಣಬಾರದು ಅಂತ ನಮ್ಮ ದೇಶದ ಮಾನದಂಡ ಐಎಸ್ 10500 ಹೇಳುತ್ತದೆ. ಈ ಎರಡರ ನಡುವಿನ ಅಷ್ಟೂ ಕೆಲಸವನ್ನು ಮಾಡಬೇಕಾದದ್ದು ಮಣ್ಣು.

ಮಣ್ಣು ಹೇಗೆ ಹಿಡಿದಿಡುತ್ತದೆ

ಇ. ಕೊಲೈ ಬ್ಯಾಕ್ಟೀರಿಯಾ ಸುಮಾರು 2 ಮೈಕ್ರಾನ್ ಉದ್ದ. ಜೇಡಿಮಣ್ಣಿನ ಕಣ 2 ಮೈಕ್ರಾನ್‌ಗಿಂತ ಚಿಕ್ಕದು. ದಪ್ಪ ಮರಳಿನ ಕಣ 2 ಮಿಲಿಮೀಟರ್‌ವರೆಗೂ ಇರುತ್ತದೆ, ಅಂದರೆ ಸಾವಿರ ಪಟ್ಟು ದೊಡ್ಡದು. ಕಣ ದೊಡ್ಡದಾದಷ್ಟೂ ಸಂದಿ ದೊಡ್ಡದು. ಹಾಗಾಗಿ ನುಣ್ಣನೆ ಮಣ್ಣಿನಲ್ಲಿ ಸಿಕ್ಕಿಬೀಳುವ ಬ್ಯಾಕ್ಟೀರಿಯಾ ದಪ್ಪ ಮರಳಿನಲ್ಲಿ, ಗರಸಿನಲ್ಲಿ ಆರಾಮಾಗಿ ಸಾಗುತ್ತದೆ.

ಸೋಸುವುದಷ್ಟೇ ಅಲ್ಲ, ಅಂಟಿಸಿಕೊಳ್ಳುವುದೂ ಇದೆ. ಬ್ಯಾಕ್ಟೀರಿಯಾದ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಮಣ್ಣಿಗೆ ಕೆಂಪು ಬಣ್ಣ ಕೊಡುವ ಕಬ್ಬಿಣದ ಆಕ್ಸೈಡ್ ಮೇಲೆ ಸಾಮಾನ್ಯವಾಗಿ ಧನ ಅಂಶ. ಅದಕ್ಕೇ ನುಣ್ಣನೆಯ ಕೆಂಪು ಮಣ್ಣು ಈ ಕೆಲಸದಲ್ಲಿ ಒಳ್ಳೆಯದು. ಆದರೆ ಅಂಟಿಕೊಂಡದ್ದು ಶಾಶ್ವತ ಅಲ್ಲ. ಮಳೆ ನೀರಿನಲ್ಲಿ ಲವಣ ಬಹಳ ಕಡಿಮೆ, ಅದು ಜೋರಾಗಿ ಇಳಿದಾಗ ಅಂಟಿಕೊಂಡಿದ್ದವು ಕಳಚಿ ಮತ್ತೆ ಹೊರಡುತ್ತವೆ. ಮೂರನೆಯದು ಸಮಯ. ಹೊಟ್ಟೆಯಿಂದ ಆಚೆ ಬಂದ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ನಿಧಾನಕ್ಕೆ ಸಾಯುತ್ತದೆ, ಒಣಗಿದ ಮಣ್ಣಿನಲ್ಲಿ ಬೇಗ, ತಂಪಾಗಿ ಒದ್ದೆಯಾಗಿದ್ದರೆ ತಡವಾಗಿ. ಜರ್ಮನಿಯಲ್ಲಿ ಕುಡಿಯುವ ನೀರಿನ ಬಾವಿಯ ಸುತ್ತ ರಕ್ಷಣೆಯ ವಲಯ ಗುರುತಿಸುವಾಗ ನೀರು ಬಾವಿ ಮುಟ್ಟಲು 50 ದಿನ ಹಿಡಿಯುವಷ್ಟು ಜಾಗ ಬಿಡುತ್ತಾರೆ. ನೋಡಿ, ಅಲ್ಲಿ ಅಳೆಯುವುದು ಅಡಿಯನ್ನಲ್ಲ, ದಿನವನ್ನು.

ಎಲ್ಲಕ್ಕಿಂತ ಮುಖ್ಯವಾದದ್ದು ಮಣ್ಣು ಎಷ್ಟು ಒಣಗಿದೆ ಅನ್ನುವುದು. ನೀರು ತುಂಬಿಲ್ಲದ ಮಣ್ಣಿನಲ್ಲಿ ದೊಡ್ಡ ಸಂದಿಗಳಲ್ಲಿ ಗಾಳಿ ಇರುತ್ತದೆ, ನೀರು ಕಣಗಳ ಮೈಗೆ ತೆಳ್ಳಗೆ ಅಂಟಿಕೊಂಡು ಸಣ್ಣ ಸಂದಿಗಳಲ್ಲೇ ತೆವಳಬೇಕು, ಹಾಗೆ ತೆವಳುವಾಗ ಬ್ಯಾಕ್ಟೀರಿಯಾ ಕಣಕ್ಕೆ ತಾಗಿ ತಾಗಿ ಅಲ್ಲಲ್ಲೇ ನಿಂತುಹೋಗುತ್ತದೆ. ನೀರು ತುಂಬಿದ ಮಣ್ಣಿನಲ್ಲಿ ದೊಡ್ಡ ಸಂದಿಗಳೇ ದಾರಿ. ಅದೇ ಮಣ್ಣು, ಅದೇ ದೂರ, ಬೇಸಿಗೆಯಲ್ಲಿ ಚೊಕ್ಕ, ಆಗಸ್ಟಿನಲ್ಲಿ ಕೊಳಕು.

ಹಾಗಾಗಿ "ಇಪ್ಪತ್ತಡಿ ಆಳ ರಿಂಗ್ ಇಳಿಸಿದ್ದೀವಿ, ಹದಿನೈದು ವರ್ಷ ಆದ್ರೂ ಗುಂಡಿ ತುಂಬಿಲ್ಲ" ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ನನಗೆ ಮೊದಲು ಬರುವ ಯೋಚನೆ, ಅವರ ಬಾವಿ ಎಲ್ಲಿದೆ ಅಂತ. ತುಂಬದ ಗುಂಡಿಯ ನೀರು ಎಲ್ಲಿಗೋ ಹೋಗಲೇಬೇಕಲ್ವಾ.

ನಿಮ್ಮ ಮಣ್ಣು ಯಾವುದು, ನೋಡುವುದು ಹೇಗೆ

ಮೇಲಿನ ಮಣ್ಣು ನೋಡಿ ಹೇಳಬೇಡಿ. ಗುಂಡಿಯ ತಳ ಬರುವ ಆಳದ ಮಣ್ಣು ಬೇಕು. ಐದಾರು ಅಡಿ ಅಗೆಯಿರಿ, ಇಲ್ಲವೇ ಅಕ್ಕಪಕ್ಕದಲ್ಲಿ ಯಾರಾದರೂ ಪಾಯ ಅಥವಾ ಬಾವಿ ತೋಡುತ್ತಿದ್ದರೆ ಹೋಗಿ ನೋಡಿ, ಖರ್ಚಿಲ್ಲ.

ಒಂದು ಹಿಡಿ ಮಣ್ಣಿಗೆ ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿ ಹಾಗೆ ಹೊರಗೆ ತಳ್ಳಿ. ಉಂಡೆಯೇ ಕಟ್ಟದೆ ಉದುರಿದರೆ ಮರಳು. ಒಂದಿಂಚು ಬರುವಷ್ಟರಲ್ಲಿ ಮುರಿದರೆ ಮಿಶ್ರ ಮಣ್ಣು. ಎರಡಿಂಚು ದಾಟಿ ಉದ್ದಕ್ಕೆ ಬಂದರೆ ಜೇಡಿ ಜಾಸ್ತಿ. ಇನ್ನೂ ಖಚಿತ ಬೇಕು ಅಂದರೆ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಪುಡಿಮಾಡಿದ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ನುಣ್ಣನೆ ಹೂಳು ಕೆಲವು ಗಂಟೆಗಳಲ್ಲಿ. ಜೇಡಿ ಕೂರಲು ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ. ಪದರಗಳನ್ನು ಅಳತೆಪಟ್ಟಿಯಲ್ಲಿ ಅಳೆದರೆ ಯಾವುದು ಎಷ್ಟು ಅಂತ ಗೊತ್ತಾಗುತ್ತದೆ.

ಆದರೆ ಬಾಟಲಿ ಒಂದು ವಿಷಯ ಹೇಳುವುದಿಲ್ಲ: ತೂತು, ಬಿರುಕು. ಅಗೆದ ಗುಂಡಿಯ ಗೋಡೆಯನ್ನು ಹತ್ತಿರದಿಂದ ನೋಡಿ. ಕೊಳೆತ ಬೇರಿನ ಕೊಳವೆ, ಎರೆಹುಳುವಿನ ದಾರಿ, ಗೆದ್ದಲಿನ ಸುರಂಗ, ಹೆಗ್ಗಣದ ಬಿಲ. ಇವು ಇದ್ದರೆ ಎಂಥ ಒಳ್ಳೆ ಮಣ್ಣಾದರೂ ನೀರು ಅದನ್ನು ಮುಟ್ಟದೆಯೇ ಪಕ್ಕದಿಂದ ಜಾರಿಹೋಗುತ್ತದೆ.

ಊರೂರಿಗೂ ಬೇರೆ

ಬಯಲುಸೀಮೆಯ ಉತ್ತರ ಭಾಗದ ಎರೆಭೂಮಿಯದ್ದು ವಿಚಿತ್ರ ಗುಣ. ಜೇಡಿ ಜಾಸ್ತಿ, ಹಿಡಿದಿಡುವುದರಲ್ಲಿ ಮೊದಲ ಸ್ಥಾನ ಇದಕ್ಕೇ ಸಿಗಬೇಕಿತ್ತು. ಆದರೆ ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲ ಬಿರಿಯುತ್ತದೆ, ಬಿರುಕು ಮೂರು ಅಡಿ ದಾಟಿ ಇಳಿದಿರುತ್ತದೆ. ಮೊದಲ ಮುಂಗಾರು ಮಳೆ ಆ ಬಿರುಕಿನಲ್ಲಿ ನೇರ ಕೆಳಗೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿತು ಅಂದರೆ ಉಲ್ಟಾ ತೊಂದರೆ: ಗುಂಡಿಯ ನೀರು ಇಂಗುವುದೇ ಇಲ್ಲ, ಮೇಲಕ್ಕೆ ಉಕ್ಕಿ ಚರಂಡಿ ಸೇರುತ್ತದೆ.

ಕರಾವಳಿಯಲ್ಲಿ ಮೇಲೆ ಮುರಕಲ್ಲು, ಅದರ ಕೆಳಗೆ ಶೇಡಿಮಣ್ಣು. ಮುರಕಲ್ಲು ಅಂದರೆ ತೂತುಗಳ ಕಲ್ಲು, ಒಂದು ತೂತಿಗೆ ಇನ್ನೊಂದು ಸೇರಿಕೊಂಡಿರುತ್ತದೆ. ಅದರಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ನೀರು ಕಣವನ್ನು ತಾಗುವುದೇ ಕಡಿಮೆ. ಕೆಳಗಿನ ಶೇಡಿಯಲ್ಲಿ ನೀರು ಸುಲಭಕ್ಕೆ ಇಳಿಯುವುದಿಲ್ಲ, ಹಾಗಾಗಿ ಮುರಕಲ್ಲಿನೊಳಗೇ ಅಡ್ಡಡ್ಡ ಹರಿದು ಎಲ್ಲಿ ಬಾವಿ ಇದೆಯೋ ಅಲ್ಲಿ ಒರತೆಯಾಗಿ ಬರುತ್ತದೆ. ಅದರ ಮೇಲೆ ಜುಲೈ-ಆಗಸ್ಟಿನ ಆಟಿ ತಿಂಗಳ ಮಳೆ. ಬಾವಿಯ ನೀರು ಕೈಗೆಟಕುವಷ್ಟು ಮೇಲೆ ಬಂದಿರುವ ಹೊತ್ತಿನಲ್ಲಿ ಹತ್ತಡಿ ಆಳದ ಗುಂಡಿಯ ತಳವೂ ಅಂತರ್ಜಲದಲ್ಲೇ ಮುಳುಗಿರುತ್ತದೆ, ಮಧ್ಯೆ ಸೋಸುವುದಕ್ಕೆ ಒಣ ಮಣ್ಣೇ ಇಲ್ಲ.

ಹಳೇ ಮೈಸೂರು ಕಡೆ ಕೆಂಪು ಮಣ್ಣು ಒಳ್ಳೆಯದೇ, ಆದರೆ ಎಷ್ಟು ಆಳ ಇದೆ ಅನ್ನುವುದೇ ಪ್ರಶ್ನೆ. ಕೆಲವೇ ಅಡಿ ಕೆಳಗೆ ಗರಸು, ಅದರ ಕೆಳಗೆ ಬಿರುಕುಬಿಟ್ಟ ಬಂಡೆ. ಗುಂಡಿಯನ್ನು ಗರಸಿನವರೆಗೂ ಇಳಿಸಿದರೆ ಒಳ್ಳೆ ಮಣ್ಣನ್ನು ಎತ್ತಿ ಬಿಸಾಡಿದ ಹಾಗೆಯೇ. ಆರುನೂರು ಅಡಿ ಬೋರ್‌ವೆಲ್ ಇದೆ, ನಮಗೇನು ಅನ್ನಬೇಡಿ. ಕೇಸಿಂಗ್ ಪೈಪಿನ ಸುತ್ತ ಬಿಟ್ಟ ಸಂದಿಯನ್ನು ಸಿಮೆಂಟ್ ಹಾಕಿ ಮುಚ್ಚದಿದ್ದರೆ ಮೇಲಿನ ಕೊಳಕು ನೀರು ಆ ಸಂದಿಯಲ್ಲೇ ಇಳಿಯುತ್ತದೆ. ಇನ್ನು ಬತ್ತಿದ ಬೋರ್‌ವೆಲ್‌ಗೆ ಟಾಯ್ಲೆಟ್ ಪೈಪ್ ಬಿಡುವ ಪುಣ್ಯಾತ್ಮರೂ ಇದ್ದಾರೆ. ಅದು ಮಣ್ಣಿಗೆ ಒಂದು ಹನಿ ಅವಕಾಶವನ್ನೂ ಕೊಡದೆ ಇಡೀ ಊರಿನ ನೀರಿಗೆ ಬೆರೆಸುವ ಕೆಲಸ.

ಇಂಗುವ ಪರೀಕ್ಷೆ

ಗುಂಡಿ ತೆಗೆಯಬೇಕೆಂದಿರುವ ಜಾಗದಲ್ಲಿ, ಇಂಗಬೇಕಾದ ಆಳಕ್ಕೆ, ಒಂದಡಿಯೊಳಗಿನ ಅಗಲದ ಚಿಕ್ಕ ತೂತು ಅಗೆಯಿರಿ. ಪಕ್ಕದ ಗೋಡೆಯನ್ನು ಚಾಕುವಿನಿಂದ ಸ್ವಲ್ಪ ಕೆರೆಯಿರಿ, ಸನಿಕೆಯ ಪೆಟ್ಟಿಗೆ ಮುಚ್ಚಿದ ಸಂದಿಗಳು ತೆರೆಯಲಿ. ತಳಕ್ಕೆ ಎರಡಿಂಚು ಜಲ್ಲಿ. ರಾತ್ರಿಯೇ ನೀರು ತುಂಬಿ ಬಿಡಿ, ಇದನ್ನು ಮಾತ್ರ ತಪ್ಪಿಸಬೇಡಿ, ಒಣ ಮಣ್ಣು ಸುಮ್ನೆ ನೀರು ಹೀರಿಕೊಂಡು ಸುಳ್ಳು ಲೆಕ್ಕ ಕೊಡುತ್ತದೆ. ಬೆಳಿಗ್ಗೆ ಜಲ್ಲಿಯ ಮೇಲೆ ಆರಿಂಚು ನೀರು ಬರುವಷ್ಟು ತುಂಬಿ, ಒಂದಿಂಚು ಇಳಿಯಲು ಎಷ್ಟು ನಿಮಿಷ ಅಂತ ನೋಡಿ.

ಅರ್ಧ ಗಂಟೆಯೊಳಗೆ ಇಳಿದರೆ ಇಂಗುಗುಂಡಿ ನಡೆಯುತ್ತದೆ. ಅರ್ಧದಿಂದ ಒಂದು ಗಂಟೆ ಅಂದರೆ ಗುಂಡಿ ಬೇಡ, ಉದ್ದಕ್ಕೆ ಆಳವಿಲ್ಲದ ಕಾಲುವೆ ತೋಡಿ ಹರಡುವುದು ಮೇಲು. ಒಂದು ಗಂಟೆ ದಾಟಿದರೆ ಆ ಮಣ್ಣಿನಲ್ಲಿ ಇಂಗಿಸುವ ಆಸೆ ಬಿಡಿ. ಎಲ್ಲರೂ ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ನಿಮಿಷ ಕಳೆಯುವುದರೊಳಗೆ ಒಂದಿಂಚು ಇಳಿದುಹೋಯಿತಾ? ಮೇಸ್ತ್ರಿ ಖುಷಿಪಡುತ್ತಾನೆ, ನೀವು ಪಡಬೇಡಿ. ಅದು ಸೋಸದ ಮಣ್ಣು.

ತೋಡುವಾಗ

ಮಳೆಗಾಲ ಜೋರಾಗಿರುವಾಗ ಬಾವಿಯ ನೀರು ನೆಲದಿಂದ ಎಷ್ಟು ಕೆಳಗಿದೆ ಅಂತ ಹಗ್ಗ ಇಳಿಸಿ ಅಳೆದಿಡಿ. ಬೇಸಿಗೆಯ ಅಳತೆ ಈ ಕೆಲಸಕ್ಕೆ ಉಪಯೋಗವಿಲ್ಲ. ಗುಂಡಿಯ ತಳ ಆ ಮಟ್ಟಕ್ಕಿಂತ ಕನಿಷ್ಠ 2 ಮೀಟರ್ ಮೇಲಿರಬೇಕು. ಎರಡು ಗುಂಡಿ ಟಾಯ್ಲೆಟ್‌ಗೆ ನಮ್ಮ ದೇಶದಲ್ಲಿ ಬಳಸುವ ಸೂಚನೆಯ ಪ್ರಕಾರ, 2 ಮೀಟರ್ ಒಣ ಮಣ್ಣಿದ್ದು ಅದರ ಕಣ 0.2 ಮಿ.ಮೀ. ಅಥವಾ ಅದಕ್ಕಿಂತ ನುಣ್ಣನೆಯದಾಗಿದ್ದರೆ ಬಾವಿಗೆ 3 ಮೀಟರ್ ದೂರವೂ ನಡೆಯುತ್ತದೆ. ಒಣ ಮಣ್ಣು ಅಷ್ಟಿಲ್ಲದಿದ್ದರೆ 10 ಮೀಟರ್. ಮೂರು ಮೀಟರ್ ಅಂದರೆ ನನಗಂತೂ ಧೈರ್ಯ ಸಾಲದು. ಜಾಗ ಇದ್ದರೆ 30 ಮೀಟರ್ ಬಿಡಿ, ಬಂಡೆ ಬಿರುಕು ಅಥವಾ ಮುರಕಲ್ಲು ಇದ್ದರೆ ಅದನ್ನೂ ನಂಬಬೇಡಿ. ಬಾವಿಗಿಂತ ಇಳಿಜಾರಿನ ಕೆಳಗೆ ಗುಂಡಿ ಇರಲಿ ಅಂತ ಬೇರೆ ಹೇಳಬೇಕಿಲ್ಲ.

ಆಳ ಕಡಿಮೆ ಮಾಡಿ, ಅಗಲ ಜಾಸ್ತಿ ಮಾಡಿ. ಮಣ್ಣು ದಪ್ಪ ಮರಳಾಗಿದ್ದರೆ ಗುಂಡಿಯ ತಳವನ್ನು ಕಲಸಿದ ಜೇಡಿಮಣ್ಣು ಅಥವಾ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಸುತ್ತಲೂ ಅರ್ಧ ಮೀಟರ್ ದಪ್ಪಕ್ಕೆ ನುಣ್ಣನೆ ಮರಳು ತುಂಬಿ. ನೀರು ತಳದಿಂದ ಇಳಿಯುವ ಬದಲು ಪಕ್ಕದಿಂದ, ಆ ಮರಳನ್ನು ದಾಟಿಕೊಂಡೇ ಹೋಗಬೇಕು. ಕರಾವಳಿಯಂತೆ ನೀರು ಮೇಲೆ ಬರುವ ಕಡೆ ಗುಂಡಿಯನ್ನು ನೆಲದಿಂದ ಎತ್ತರಿಸಿ, ಸುತ್ತ ಮಣ್ಣು ಪೇರಿಸಿ ದಿಬ್ಬ ಮಾಡುವುದು ಒಂದೇ ದಾರಿ. ನೋಡಲು ಚೆನ್ನಾಗಿರಲ್ಲ, ಕೆಲಸ ಮಾಡುತ್ತದೆ. ಎರಡು ಗುಂಡಿ ಇದ್ದರೆ ತುಂಬಿದ್ದನ್ನು ಮುಚ್ಚಿ ಎರಡು ವರ್ಷ ಮುಟ್ಟದೆ ಬಿಡಿ, ಆಮೇಲೆ ಅದು ಗೊಬ್ಬರ.

ತಿಪ್ಪೆ, ಗಂಜಲ, ಕೊಟ್ಟಿಗೆ

ತಿಪ್ಪೆಗುಂಡಿ ಬಾವಿಯ ಹತ್ತಿರ ಇದ್ದರೂ ಇದೇ ಕಥೆ. 2000ನೇ ಇಸವಿ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಅನ್ನುವ ಊರಲ್ಲಿ, ಹೊಲಕ್ಕೆ ಹಾಕಿದ ದನದ ಗೊಬ್ಬರದ ಇ. ಕೊಲೈ ಜೋರು ಮಳೆಗೆ ತೆಳು ಮಣ್ಣು ದಾಟಿ, ಬಿರುಕುಬಿಟ್ಟ ಬಂಡೆಯ ಮೂಲಕ ಊರಿನ ಬಾವಿಗೆ ಇಳಿಯಿತು. ಕ್ಲೋರಿನ್ ಸರಿಯಾಗಿ ಹಾಕುತ್ತಿರಲಿಲ್ಲ. 7 ಜನ ಸತ್ತರು, 2,300ರಷ್ಟು ಜನ ಕಾಯಿಲೆ ಬಿದ್ದರು. ಗೊಬ್ಬರ ಹಾಕಿದ ರೈತನದ್ದು ತಪ್ಪಿಲ್ಲ, ಆತ ಕ್ರಮವಾಗಿಯೇ ಹಾಕಿದ್ದ ಅಂತ ತನಿಖೆ ಹೇಳಿತು. ರೈತ ಸರಿ ಇದ್ದ, ಕೆಳಗಿನ ನೆಲ ಸರಿ ಇರಲಿಲ್ಲ.

ಮೋಡ ಕಟ್ಟಿರುವ ದಿನ ಹೊಲಕ್ಕೆ ಸಗಣಿ-ಗಂಜಲದ ಸ್ಲರಿ ಬಿಡಬೇಡಿ. ತಿಪ್ಪೆಯ ತಳಕ್ಕೆ ಜೇಡಿ ಬಡಿದು ಗಟ್ಟಿ ಮಾಡಿ, ಮೇಲೆ ಸೋಗೆಯೋ ತಗಡೋ ಹಾಕಿ. ಬಾವಿ ಮತ್ತು ಹೊಲದ ನಡುವೆ ದಟ್ಟ ಹುಲ್ಲಿನ ಪಟ್ಟಿ ಬಿಡಿ.

ಬಾವಿಯ ಕಡೆಯಿಂದ

ಬಾವಿಯ ಮೇಲಿನ ಹತ್ತಿಪ್ಪತ್ತು ಅಡಿ ಗೋಡೆ ನೀರು ಸೋರದ ಹಾಗೆ ಗಾರೆ ಮಾಡಿಸಿ, ಸುತ್ತ ಹೊರಕ್ಕೆ ಇಳಿಜಾರಾಗಿ ಸಿಮೆಂಟ್ ಕಟ್ಟೆ ಹಾಕಿಸಿ. ಪರೀಕ್ಷೆಗೆ ಎಚ್‌ಟುಎಸ್ ಬಾಟಲಿ ಸಿಗುತ್ತದೆ, ಗ್ರಾಮ ಪಂಚಾಯ್ತಿಯಲ್ಲಿ ಕೇಳಿ ನೋಡಿ. ಗೆರೆಯವರೆಗೆ ನೀರು ತುಂಬಿ ಒಂದೆರಡು ದಿನ ಮನೆಯೊಳಗೆ ಇಡುವುದು, ಕಪ್ಪಾದರೆ ಮಲ ಬೆರೆತಿರುವ ಸಾಧ್ಯತೆ ಜಾಸ್ತಿ. ಬೇಸಿಗೆಯಲ್ಲಿ ಪರೀಕ್ಷೆ ಮಾಡಿ ಸಮಾಧಾನಪಡಬೇಡಿ, ಮೊದಲ ಜೋರು ಮಳೆ ಆದ ಮೇಲೆ ಒಮ್ಮೆ, ನೀರು ಮೇಲೆ ಬಂದಾಗ ಒಮ್ಮೆ ಮಾಡಿ. ಜೊತೆಗೆ ಲ್ಯಾಬಿನಲ್ಲಿ ನೈಟ್ರೇಟನ್ನೂ ನೋಡಿಸಿ. ಬ್ಯಾಕ್ಟೀರಿಯಾವನ್ನು ಹಿಡಿದಿಡುವ ಮಣ್ಣು ನೈಟ್ರೇಟನ್ನು ಹಿಡಿಯುವುದಿಲ್ಲ, ಅದು ನೀರಿನ ಜೊತೆಗೇ ಹೋಗುತ್ತದೆ. ಲೀಟರಿಗೆ 45 ಮಿ.ಗ್ರಾಂ ಮಿತಿ.

ಬಾಟಲಿ ಕಪ್ಪಾಯಿತು ಅಂತಿಟ್ಟುಕೊಳ್ಳಿ. ಆ ಕ್ಷಣದಿಂದ ಕುದಿಸಿ ಕುಡಿಯಿರಿ. ಬಾವಿಗೆ ಬ್ಲೀಚಿಂಗ್ ಪೌಡರ್: 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ, ಪೌಡರ್ ಹಳತಾಗಿರಬಾರದು. ಆರಡಿ ಅಗಲದ ಬಾವಿಯಲ್ಲಿ ಹತ್ತಡಿ ನೀರಿದ್ದರೆ ಸುಮಾರು 8,000 ಲೀಟರ್, ಅಂದರೆ 20 ಗ್ರಾಂ. ನೀರು ಕದಡಿದ್ದರೆ ಅಷ್ಟು ಸಾಲದು, ಇನ್ನಷ್ಟು ಬೇಕಾಗುತ್ತದೆ. ಬಕೆಟ್‌ನಲ್ಲಿ ಕಲಸಿ ಹತ್ತು ನಿಮಿಷ ಬಿಡಿ, ತಳದಲ್ಲಿ ಕೂತ ಸುಣ್ಣ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಬಾವಿಯೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ನೀರು ಸೇದಬೇಡಿ. ಕೆಲವು ದಿನ ಬಿಟ್ಟು, ಕ್ಲೋರಿನ್ ವಾಸನೆ ಹೋದ ಮೇಲೆ ಇನ್ನೊಂದು ಬಾಟಲಿ ಇಡಿ. ಅದೂ ಕಪ್ಪಾದರೆ ಪೌಡರ್ ಸುರಿಯುತ್ತಾ ಕೂರುವುದು ದಂಡ, ನಿಮ್ಮದೋ ಪಕ್ಕದವರದ್ದೋ ಗುಂಡಿಯ ತಳ ಎಷ್ಟು ಆಳದಲ್ಲಿದೆ ಅಂತ ಹೋಗಿ ಅಳೆಯಿರಿ.